ಅಳಿಯಪ್ಪನ ಹಿಮದ ಟೈರು

ಡಿಸೆಂಬರ್ ಹುಟ್ಟಿ ಇನ್ನೂ ವಾರವಾಗಿರಲಿಲ್ಲ. ಸೂರಿನಡಿ ದಾರಕ್ಕೆ ಕಟ್ಟಿ ತೂಗುಬಿಟ್ಟ ಕಾಕಿ ಹಣ್ಣುಗಳು ಅರ್ಧ ಒಣಗಿ ಮುದುಕಿಯರ ಕೆನ್ನೆಯ ಹಾಗೆ ಸುಕ್ಕುಗಟ್ಟುತ್ತಿದ್ದ ಕಾಲ. ಮಂಗಳವಾರ ಬೆಳಗಿನ ಜಾವ ಯಸುಜಿ ಮುಂಬಾಗಿಲು ಸರಿಸಿ ನೋಡಿದ. ಅಂಗಳ ಕಾಣಲಿಲ್ಲ, ಬಾವಿಕಟ್ಟೆ ಕಾಣಲಿಲ್ಲ. ಬಿಳಿ ಪಿಕಪ್ ನಿಲ್ಲಿಸಿದ್ದ ಜಾಗದಲ್ಲಿ ಕಂಬಳಿ ಹೊದ್ದು ಮಲಗಿದ ಎಮ್ಮೆಯಂಥದ್ದೊಂದು ಗುಡ್ಡೆ ಇತ್ತು.

"ಬಂದೇಬಿಡ್ತಲ್ಲಪ್ಪ," ಎಂದು ತನಗೆ ತಾನೇ ಹೇಳಿಕೊಂಡು ಅವನು ಬಾಗಿಲಲ್ಲೇ ಕುಕ್ಕರಿಸಿದ. ಗಾಡಿಗೆ ಹಿಮದ ಟೈರ್ ಹಾಕಿಸಬೇಕೆಂದು ನಿನ್ನೆ ಅಂದುಕೊಂಡಿದ್ದ. ಮೊನ್ನೆಯೂ ಅಂದುಕೊಂಡಿದ್ದ. ಅಂದುಕೊಳ್ಳುವುದರಲ್ಲಿ ಅವನು ಯಾವತ್ತೂ ತಡಮಾಡಿದವನಲ್ಲ.

ಯಮಗತ ಸೀಮೆಯ ಇರಿಸಾವಾ ಎಂಬ ಈ ಗುಡ್ಡದ ಊರಿನಲ್ಲಿ ಅರ್ಧಕ್ಕರ್ಧ ಜನರದು ಒಂದೇ ಮನೆತನದ ಹೆಸರು. ಹಾಗಾಗಿ ಗಿರಣಿಮನೆ, ಮೇಲ್ಮನೆ, ಬಾವಿಮನೆ ಎಂದು ಮನೆಯಿಂದಲೇ ಗುರುತು. ಯಸುಜಿ ಬಾವಿಮನೆಗೆ ಬಂದ ಮನೆ ಅಳಿಯ. ಅವನು ಹುಟ್ಟಿದ್ದು ತೆಂಕಣದ ಕಡಲ ತೀರದಲ್ಲಿ, ಕಿತ್ತಳೆ ಬೆಳೆಯುವ ನಾಡಿನಲ್ಲಿ. ಅಲ್ಲಿ ಹಿಮವನ್ನು ಜನ ಕ್ಯಾಲೆಂಡರಿನಲ್ಲಿ ನೋಡುತ್ತಾರೆ. ಫುಸಾಯೆಯ ಕೈ ಹಿಡಿದು ಇಲ್ಲಿಗೆ ಬಂದು ಇಪ್ಪತ್ತಾರು ಚಳಿಗಾಲ ಹಿಮ ಬಾಚಿದ್ದ. ಆದರೂ ಊರಿಗೆ ಅವನು ನಿನ್ನೆ ಬಂದ ಅಳಿಯನೇ. ಹಸೆಯಿಂದ ಇಳಿದ ದಿನ ಇಟ್ಟ "ಅಳಿಯಪ್ಪ" ಎಂಬ ಹೆಸರು ತಲೆ ನರೆತರೂ ಬಿಟ್ಟಿರಲಿಲ್ಲ.

ಬಾವಿಮನೆ ದೊಡ್ಡ ಮನೆ. ಆದರೆ ಅದರಲ್ಲಿ ಯಸುಜಿಯದು ಎನ್ನುವ ಮೂಲೆ ಇರಲಿಲ್ಲ. ನಡುಮನೆ ಅತ್ತೆ ಕಿನೊಳದು, ಟೀವಿಯೂ ಅವಳದೇ. ಅಡುಗೆಮನೆ ಹೆಂಡತಿಯದು. ಮಹಡಿ, ಗೋಡೆ ಮೇಲೆ ಪಟವಾಗಿ ತೂಗುವ ಸತ್ತ ಹಿರಿಯರದು. ಅವನಿಗೆ ಉಳಿದದ್ದು ಪಿಕಪ್ಪಿನ ಮುಂದಿನ ಸೀಟು. ಸಂಜೆ ಕೆಲಸ ಮುಗಿಸಿ, ಬಿಸಿ ಕಾಫಿ ಡಬ್ಬಿ ಹಿಡಿದು ಗಾಡಿಯೊಳಗೆ ಕೂತು, ಗಾಜು ಏರಿಸಿ, ರೇಡಿಯೋ ಹಾಕಿದರೆ ಡಬ್ಬಿ ಆರುವವರೆಗೆ ಯಾರೂ ಅವನನ್ನು "ಅಳಿಯಪ್ಪಾ" ಎನ್ನುತ್ತಿರಲಿಲ್ಲ. ದಿನದ ಅಷ್ಟು ಹೊತ್ತಿಗಾಗಿ ಅವನು ಉಳಿದ ದಿನವನ್ನು ತಳ್ಳುತ್ತಿದ್ದ.

ಆ ಸೀಟಿಗೇ ಈಗ ಕುತ್ತು ಬಂದಿತ್ತು. ಹೋದ ಚಳಿಗಾಲದಲ್ಲಿ ಅವನು ಊರ ಏರಿನಲ್ಲಿ ಎರಡು ಸಲ ಜಾರಿ ಗಾಡಿಯನ್ನು ರಸ್ತೆ ಪಕ್ಕದ ಕಾಲುವೆಗೆ ಇಳಿಸಿದ್ದ. ಇರಿಸಾವಾದಲ್ಲಿ ಅದಕ್ಕೊಂದು ಹಳೆಯ ಕಟ್ಟಳೆ ಇದೆ. ಗಾಡಿ ಬಿದ್ದರೆ ಯಾರು ಓಡಿಸುತ್ತಿದ್ದರು ಎಂದು ಯಾರೂ ಬಾಯಿಬಿಟ್ಟು ಕೇಳಬಾರದು, ಹೇಳಲೂಬಾರದು. ಬಿದ್ದದ್ದು ಗಾಡಿ, ಅಷ್ಟೆ. ಗಾಡಿ ಯಾವ ಮನೆಯದೋ ಆ ಮನೆಯವರು ಎಳೆಯಲು ಬಂದವರಿಗೆ ಒಂದು ಶೀಸೆ ಅಕ್ಕಿ ಸಾರಾಯಿ ಕೊಟ್ಟರೆ ಲೆಕ್ಕ ಚುಕ್ತಾ. ಬಿದ್ದವನ ಮಾನ ಉಳಿಯಲಿ ಎಂದು ಹಿರಿಯರು ಮಾಡಿದ್ದು. "ಬಾವಿಮನೆ ಗಾಡಿ ಬಿತ್ತಂತೆ" ಎಂದು ಎಲ್ಲರೂ ಗಂಭೀರವಾಗಿ ಹೇಳಿ, ಯಸುಜಿಯ ಮುಖ ನೋಡದೆ ನೆಲ ನೋಡಿ ನಗುತ್ತಿದ್ದರು.

ಎರಡನೇ ಶೀಸೆ ಕೊಟ್ಟ ದಿನ ಕಿನೊ ಹೇಳಿದ್ದಳು: "ಅಳಿಯಂದ್ರೇ, ಮುಂದಿನ ಚಳಿಗಾಲ ನಮ್ಮ ಗಾಡಿ ಒಂದೇ ಒಂದು ಸಲ ಕಾಲುವೆಗೆ ಬೀಳ್ಲಿ. ಬೀಗದಕೈ ನನ್ನ ಸೊಂಟದಲ್ಲಿರುತ್ತೆ. ಆಮೇಲೆ ನೀವು ಬಸ್ಸಲ್ಲಿ ಓಡಾಡಿ." ಕಿನೊಗೂ ಲೈಸೆನ್ಸ್ ಇತ್ತು. ಗಂಡ ಇದ್ದಾಗ ಮಾಡಿಸಿದ್ದನ್ನು ತಪ್ಪದೆ ಹೊಸದು ಮಾಡಿಸಿ ದೇವರ ಗೂಡಿನ ಕೆಳಗಿನ ಖಾನೆಯಲ್ಲಿಡುತ್ತಿದ್ದಳು. ಚಳಿಗಾಲದಲ್ಲಿ ಮಾತ್ರ ಗಾಡಿ ಮುಟ್ಟುತ್ತಿರಲಿಲ್ಲ. "ನೀವು ತರೋ ಟೈರ್ ಮೇಲೆ ನಂಬಿಕೆ ಇಲ್ಲ" ಎನ್ನುತ್ತಿದ್ದಳು. ಕಿನೊ ಆಡಿದ ಮಾತು ಗೋರಿಕಲ್ಲಿನ ಮೇಲೆ ಕೆತ್ತಿದ ಹಾಗೆ. ಮಳೆ ಬಿದ್ದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು.

ಅವಳು ಮಂಡಿನೋವಿಗೆಂದು ಕೆಳಗಿನ ಪೇಟೆಯ ಬಿಸಿನೀರ ಬುಗ್ಗೆಗೆ ಹೋಗಿದ್ದಳು. ಇವತ್ತು ಸಂಜೆ ಕರೆತರಬೇಕು.

"ರೀ, ಅಮ್ಮನ್ನ ಕಾಯಿಸ್ಬೇಡಿ," ಎಂದು ಶಾಲೆಯ ಅಡುಗೆ ಕೆಲಸಕ್ಕೆ ಹೊರಟ ಫುಸಾಯೆ ಬೂಟು ಏರಿಸುತ್ತ ಹೇಳಿದಳು. "ಬೇಸಿಗೆ ಟೈರಲ್ಲಿ ಅವಳನ್ನ ಹತ್ತಿಸ್ಕೊಂಡ್ರೋ, ಬೀಳೋ ಮುಂಚೆನೇ ಬೀಗದಕೈ ಕಿತ್ಕೊತಾಳೆ."

"ಹಳೇ ಹಿಮದ ಟೈರ್ ಇದ್ಯಲ್ಲ ಕೊಟ್ಟಿಗೇಲಿ."

"ಅದನ್ನ ನೋಡಿದೀರಾ? ನನ್ನ ಹಿಮ್ಮಡಿಗಿಂತ ಜಾಸ್ತಿ ಬಿರುಕಿದೆ."

ಯಸುಜಿ ಹೋಗಿ ನೋಡಿದ. ಹೆಂಡತಿಯ ಹಿಮ್ಮಡಿಯೇ ವಾಸಿ ಅನ್ನಿಸಿತು.

ಅವತ್ತೇ ಊರ ಚಾವಡಿಯಲ್ಲಿ ಹೊಸವರ್ಷಕ್ಕೆ ದೇಗುಲದ ಬಾಗಿಲಿಗೆ ಕಟ್ಟುವ ಹುಲ್ಲುಹಗ್ಗ ಹೊಸೆಯುವ ಕೆಲಸ. ಮನೆಗೊಬ್ಬ ಗಂಡಾಳು ಹೋಗಲೇಬೇಕು. ಚಾವಡಿ ಇರುವುದು ಏರಿನ ಬುಡದಲ್ಲಿ. ಯಸುಜಿ ಮೊದಲ ಗೇರಿನಲ್ಲಿ, ಉಸಿರು ಬಿಗಿಹಿಡಿದು, ಅತ್ತೆಯ ಮುಂದೆ ತುಂಬಿದ ಬಟ್ಟಲು ಹಿಡಿದು ನಡೆಯುವವನ ಹಾಗೆ ಮೆಲ್ಲಮೆಲ್ಲನೆ ಇಳಿದ. ಇಳಿಯುವುದು ಸುಲಭ. ಹತ್ತುವುದೇ ಕಷ್ಟ. ಅಂಗಳದಲ್ಲಿ ಆಗಲೇ ಆರೇಳು ಗಾಡಿ ನಿಂತಿದ್ದವು, ಎಲ್ಲವೂ ಅವನದರಂಥವೇ. ರೈತರ ಸಂಘದವರು ಒಂದೇ ವರ್ಷ ಒಟ್ಟಿಗೆ ತರಿಸಿ ಕೊಟ್ಟ ಪುಟ್ಟ ಬಿಳಿ ಪಿಕಪ್ಪುಗಳು. ಒಂದೇ ನಮೂನೆಯ ಸೀಟಿನ ಹೊದಿಕೆ, ಸಂಘದವರು ಹಂಚಿದ ಒಂದೇ ಟವಲು ಮುಂದುಗಡೆ. ಬೀಗದಕೈಯನ್ನು ಗಾಡಿಯಲ್ಲೇ ಬಿಡುವುದು ವಾಡಿಕೆ. ಯಾರಿಗಾದರೂ ಅಡ್ಡವಾದರೆ ಯಾರಾದರೂ ಸರಿಸಲಿ ಎಂದು.

ಒಳಗೆ ಸೀಮೆಎಣ್ಣೆ ಒಲೆಯ ಸುತ್ತ ಹುಲ್ಲು ಹರಡಿಕೊಂಡು ಕೂತಿದ್ದರು. ಮಧ್ಯೆ ಗಿರಣಿಮನೆಯ ಗೆಂಜೊ. ಎಪ್ಪತ್ತು ದಾಟಿದವನು. ಕೆಲಸದಲ್ಲಿದ್ದಾಗ ಸರ್ಕಾರದ ಹಿಮ ತಳ್ಳುವ ಯಂತ್ರ ಓಡಿಸಿದವನಾದ್ದರಿಂದ, ಆಕಾಶದಿಂದ ಬೀಳುವ ಹಿಮವೆಲ್ಲ ತನ್ನನ್ನು ಕೇಳಿಕೊಂಡೇ ಬೀಳುತ್ತದೆ ಎಂಬ ಭಾವ ಅವನದು.

"ಏನಪ್ಪಾ ಅಳಿಯಪ್ಪ, ಟೈರ್ ಹಾಕಿಸಿದ್ಯಾ?"

"ಇವತ್ತು ಹಾಕಿಸ್ತೀನಿ ಗೆಂಜೊ ಅಣ್ಣ."

"ಇವತ್ತು!" ಗೆಂಜೊ ಹುಲ್ಲಿನ ಎಳೆಗೆ ಉಗುಳು ಸವರಿದ. "ಹೆರಿಗೆ ನೋವು ಬಂದ್ಮೇಲೆ ಗಂಡು ನೋಡೋಕೆ ಹೊರಟ ಹಾಗಾಯ್ತು."

ಎಲ್ಲರೂ ನಕ್ಕರು. ಮೇಲ್ಮನೆಯ ಕ್ಯೂಸಾಕು ಹತ್ತಿರ ಸರಿದು, "ಹೊಸದ್ಯಾಕೆ ಅಳಿಯಪ್ಪ? ನಮ್ಮ ಕೊಟ್ಟಿಗೇಲಿ ನಾಲ್ಕಿದೆ. ನನ್ನ ತಮ್ಮನ ಕಾರಿಂದು. ಎರಡೇ ಎರಡು ಚಳಿಗಾಲ ಓಡಿದ್ದು. ಗೀರು ನೋಡು, ಹೆಣ್ಣುಮಕ್ಕಳ ಹುಬ್ಬಿನ ಹಾಗಿದೆ," ಎಂದ.

"ಎರಡು ಚಳಿಗಾಲ ಓಡಿ, ಹತ್ತು ಚಳಿಗಾಲ ಕೂತಿದೆ," ಎಂದ ಗೆಂಜೊ. "ಅಳಿಯಪ್ಪ, ಅದಕ್ಕೆ ಉಗುರು ಒತ್ತಿ ನೋಡು. ಹಿಮದ ಟೈರ್ ಅಂದ್ರೆ ಮೆತ್ತಗಿರ್ಬೇಕು, ಉಗುರು ಇಳೀಬೇಕು. ಗೀರು ಎಷ್ಟಿದ್ರೇನು, ರಬ್ಬರ್ ಕಲ್ಲಾದ್ರೆ ಮಂಜುಗಡ್ಡೆ ಮೇಲೆ ಅದು ಹಿಡಿಯಲ್ಲ, ಕುಣಿಯುತ್ತೆ. ಮತ್ತೆ ಅದು ಕಾರಿಂದು. ಪಿಕಪ್ಪಿಗೆ ಹೊರೆ ಹೊರೋ ಟೈರೇ ಆಗ್ಬೇಕು, ಪಕ್ಕೆ ಗಟ್ಟಿಯಿರೋದು. ಕಾರಿಂದು ಹಾಕಿ ಅಕ್ಕಿಮೂಟೆ ಹೇರಿದ್ರೆ ಹೊಟ್ಟೆ ಬಿಡುತ್ತೆ."

"ಹಿಂದಿನ ಎರಡಕ್ಕೆ ಹಾಕಿದ್ರೆ ಸಾಕಲ್ವಾ? ಎಳೆಯೋದು ಹಿಂದಿನ ಗಾಲಿ ತಾನೇ," ಎಂದ ಯಸುಜಿ.

"ಸಾಕು. ಆಮೇಲೆ ಮುಂದಿನ ಎರಡು ಒಂದು ಕಡೆ ಹೋಗ್ತವೆ, ಹಿಂದಿನ ಎರಡು ಇನ್ನೊಂದು ಕಡೆ. ನೀನು ಯಾವ ಕಡೆ ಹೋಗ್ತೀಯೋ ನೀನೇ ನೋಡ್ಕೊ."

"ಸರಪಳಿ ಕಟ್ಕೊಂಡ್ರೆ?"

"ಕಟ್ಕೊ. ಕಟ್ಟೋಕೆ ಕೂರೋಷ್ಟರಲ್ಲಿ ನಿನ್ನ ಅತ್ತೆ ನಡ್ಕೊಂಡೇ ಮನೆ ಸೇರ್ತಾಳೆ." ಗೆಂಜೊ ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದು ತೀರ್ಪು ಕೊಟ್ಟ. "ನಾಲ್ಕೂ ಹೊಸದು, ನಾಲ್ಕೂ ಒಂದೇ ನಮೂನೆ, ಹೊರೆಯದು. ಹತ್ತೋವಾಗ ಹಿಂದೆ ಒಂದಿಷ್ಟು ಹಿಮ ತುಂಬ್ಕೊ. ಹಿಂದೆ ಭಾರ ಇಲ್ಲದ ಪಿಕಪ್ಪು ಖಾಲಿ ಹೊಟ್ಟೇಲಿ ಕುಡಿದವನ ಹಾಗೆ, ಎತ್ತ ತೂರಾಡುತ್ತೋ ಹೇಳೋಕಾಗಲ್ಲ. ಗಾಡಿನ ಓಡಿಸೋದು ಯಾರಾದ್ರೂ ಓಡಿಸ್ತಾರೆ ಕಣಪ್ಪ, ನಿಲ್ಲಿಸೋದು ಟೈರು."

ಮಾತು ಮುಗಿಯುವಷ್ಟರಲ್ಲಿ ಹೊರಗೆ ಹಿಮ ತಳ್ಳುವ ಯಂತ್ರ ಬಂದು ಕೂಗು ಹಾಕಿತು. ಕ್ಯೂಸಾಕು ಎದ್ದು ಹೋಗಿ, ಅಡ್ಡವಿದ್ದ ಗಾಡಿಗಳನ್ನೆಲ್ಲ ಅತ್ತಿತ್ತ ಸರಿಸಿ, ಕೈ ಉಜ್ಜಿಕೊಂಡು ಒಳಗೆ ಬಂದ. ಹಿಮ ಮತ್ತೆ ಬೀಳುತ್ತಲೇ ಇತ್ತು. ಮೂಲಂಗಿ ಉಪ್ಪಿನಕಾಯಿ ನಂಜಿಕೊಂಡು ಚಹಾ ಕುಡಿದು ಯಸುಜಿ ಎಲ್ಲರಿಗಿಂತ ಮುಂಚೆ ಎದ್ದ. ಅಂಗಳದಲ್ಲಿ ಬಿಳಿ ಗುಡ್ಡೆಗಳು ಸಾಲಾಗಿ ಮಲಗಿದ್ದವು. ಎಡದಿಂದ ಮೂರನೆಯದು ಅವನದು, ತಾನೇ ನಿಲ್ಲಿಸಿದ್ದ. ಗಾಜಿನ ಮೇಲಿನ ಹಿಮವನ್ನಷ್ಟೇ ತೋಳಿನಿಂದ ಬಳಿದು ಹತ್ತಿ ಕೂತ. ಬೀಗದಕೈ ಇತ್ತು, ಟವಲು ಇತ್ತು. ಪಕ್ಕದ ಸೀಟಿನಲ್ಲಿ ಅತ್ತೆಯ ದಿಂಬು ಇರಲಿಲ್ಲ. ಹಳೆಯ ರೇಷ್ಮೆ ಉಡುಗೆಯೊಂದನ್ನು ಬಿಚ್ಚಿ ಕಿನೊ ತನಗೆಂದೇ ಹೊಲಿದಿಟ್ಟಿದ್ದ ನೇರಳೆ ದಿಂಬು ಅದು. ಫುಸಾಯೆ ಒಗೆಯಲು ತೆಗೆದಿರಬೇಕು ಎಂದುಕೊಂಡ. ರೇಡಿಯೋ ಹಚ್ಚಿದರೆ ಹವಾಮಾನದ ಬದಲು ಯಾರೋ ಹೆಂಗಸು ಕಡಲು, ಬೋಟು, ಕಣ್ಣೀರು ಎಂದು ಅಳುದನಿಯಲ್ಲಿ ಹಾಡುತ್ತಿದ್ದಳು. ಅವನಿಗೆ ಬದಲಾಯಿಸುವ ಚೈತನ್ಯವೂ ಇರಲಿಲ್ಲ. ಅಳಲಿ ಪಾಪ ಎಂದು ಬಿಟ್ಟ.

ಪೇಟೆಯಂಚಿನ ಟೈರ್ ಅಂಗಡಿಯಲ್ಲಿ ಸೀಮೆಯ ಗಾಡಿಗಳೆಲ್ಲ ಜಮಾಯಿಸಿದ್ದವು. ಮೊದಲ ಹಿಮ ಬಿದ್ದ ದಿನ ಹೀಗೇ. ಅಂದುಕೊಂಡೇ ಕಾಲ ಕಳೆದವರು ಯಸುಜಿಯೊಬ್ಬನೇ ಅಲ್ಲ. ಅಂಗಡಿಯೊಡತಿ ಶಿಗೆನೊ, ತೆಳ್ಳನೆಯ ಹೆಂಗಸು, ತಲೆಗೆ ಬಟ್ಟೆ ಕಟ್ಟಿ ಜಾಕಿನಿಂದ ಜಾಕಿಗೆ ಓಡಾಡುತ್ತಿದ್ದಳು. ಯಸುಜಿಯ ಸರದಿ ಬರುವಷ್ಟರಲ್ಲಿ ಅವನ ಕಾಲ್ಬೆರಳುಗಳು ಅವನವಲ್ಲ ಎನ್ನುವ ಹಾಗಾಗಿತ್ತು.

"ಹೊರೆ ಟೈರ್ ಮುಗೀತು," ಎಂದಳು ಶಿಗೆನೊ. "ಕಾರಿಂದಿದೆ. ಇಲ್ಲಾಂದ್ರೆ ಇದೋ, ವರ್ಷಪೂರ್ತಿ ಹಾಕ್ಕೊಂಡಿರೋ ಥರದ್ದು."

"ವರ್ಷಪೂರ್ತಿದು ಈ ಊರಲ್ಲಿ ಹಿಡಿಯುತ್ತಾ ಅಕ್ಕ?"

"ವರ್ಷಪೂರ್ತಿ ಹಿಡಿಯುತ್ತೆ, ಹಿಮದ ದಿನ ಬಿಟ್ಟು."

ಸಾಲಿನಲ್ಲಿ ಹಿಂದಿದ್ದವರು ಸುಮ್ಮನಿರಲಿಲ್ಲ. "ಹಾಕ್ಕೊಂಡು ಹೋಗಪ್ಪ, ನಾವೂ ಮನೆಗೆ ಹೋಗ್ಬೇಕು!" ಬೇರೆ ದಿನವಾಗಿದ್ದರೆ ಯಸುಜಿ ಅವರ ಮಾತಿಗೆ ತಲೆಬಾಗಿ, ಕೊಟ್ಟದ್ದನ್ನು ಹಾಕಿಸಿಕೊಂಡು, ಮೂರನೇ ಸಲ ಬಿದ್ದಿರುತ್ತಿದ್ದ. ಇವತ್ತು ಅವನ ಕಣ್ಣ ಮುಂದೆ ಕಾಫಿ ಡಬ್ಬಿ, ಏರಿಸಿದ ಗಾಜು ಬಂದವು. ಬಸ್ಸಿನಲ್ಲಿ ಪಕ್ಕದವನ ಹೆಗಲಿಗೆ ಹೆಗಲು ತಾಗಿಸಿ ಕೂತ ತನ್ನ ಮುಪ್ಪೂ ಕಂಡಿತು.

"ಇಲ್ಲ ಅಕ್ಕ. ಹೊರೆಯದೇ ಬೇಕು. ನಾಲ್ಕೂ ಹೊಸದು. ಉಗುರು ಇಳೀಬೇಕು. ಸಿಗೋ ತನಕ ಇಲ್ಲೇ ನಿಂತಿರ್ತೀನಿ," ಎಂದ. ತನ್ನ ದನಿ ಕೇಳಿ ತಾನೇ ಬೆಚ್ಚಿದ.

ಶಿಗೆನೊ ಅವನನ್ನು ಒಂದು ಗಳಿಗೆ ನೋಡಿದಳು. ಒಳಗೆ ಹೋಗಿ, ಪರದೆಯ ಹಿಂದಿನಿಂದ ಒಂದು ಕಂತೆ ಉರುಳಿಸಿಕೊಂಡು ಬಂದಳು. "ನಿಮ್ಮೂರ ಗೆಂಜೊಗೆ ಅಂತ ಎತ್ತಿಟ್ಟಿದ್ದೆ. ಪ್ರತಿ ವರ್ಷ ಬೇಸಿಗೇಲೇ ಹೇಳಿಟ್ಟು ಹೋಗ್ತಾನೆ, ಚಳಿಗಾಲ ಮುಗಿದ್ರೂ ಬರಲ್ಲ."

"ಅಯ್ಯೋ, ಗೆಂಜೊ ಅಣ್ಣಂದಾ? ಅವರು ಬೇಜಾರು ಮಾಡ್ಕೊತಾರೆ."

"ಬಾಯಲ್ಲೇ ಹಿಮ ಕರಗಿಸೋ ಅವನಿಗೆ ಟೈರ್ ಯಾಕೆ? ತಗೊಳ್ಳಿ."

ಜಾಕು ಏರಿತು. ಹಳೆಯ ಟೈರ್ ಕಳಚಿದ ಶಿಗೆನೊ ಅದರ ಮೇಲೆ ಅಂಗೈ ಆಡಿಸಿ, "ಇದೇನ್ರೀ ಇದು, ಬೌದ್ಧ ಸನ್ಯಾಸಿಯ ತಲೆ ಹಾಗೆ ನುಣ್ಣಗಿದೆ! ಇದರಲ್ಲಿ ಇಳಿದು ಬಂದ್ರಾ? ಮನೇಲಿ ವಿಮೆ ಗಿಮೆ ಮಾಡ್ಸಿದಾರಾ?" ಎಂದಳು. ಸಾಲಿನವರೆಲ್ಲ ಬಂದು ಬಗ್ಗಿ ನೋಡಿ ಹೋದರು. ಅಷ್ಟೊಂದು ಸವೆದಿರಲಿಲ್ಲವಲ್ಲ ಎಂದು ಯಸುಜಿಗೆ ಅನ್ನಿಸಿತು. ಆದರೆ ಇಪ್ಪತ್ತಾರು ವರ್ಷದಲ್ಲಿ, ತನಗೆ ಅನ್ನಿಸಿದ್ದು ಸರಿಯಾಗಿರುವುದಿಲ್ಲ ಎಂಬುದೊಂದನ್ನು ಅವನು ಚೆನ್ನಾಗಿ ಕಲಿತಿದ್ದ. "ಎಸೆದುಬಿಡಿ ಅಕ್ಕ," ಎಂದ ನಾಚಿಕೊಂಡು. ಹೊಸ ಟೈರಿಗೆ ಹೆಬ್ಬೆರಳ ಉಗುರು ಒತ್ತಿದ. ಬೆಣ್ಣೆಗೆ ಇಳಿದ ಹಾಗೆ ಇಳಿಯಿತು.

ಬಿಸಿನೀರ ಬುಗ್ಗೆಯ ಬಾಗಿಲಲ್ಲಿ ಕಿನೊ ಗಂಟು ಹಿಡಿದು ನಿಂತಿದ್ದಳು. ಮುಖ ಬೇಯಿಸಿದ ಸಿಗಡಿಯಂತೆ ಕೆಂಪಗಿತ್ತು. ಅಳಿಯ ಬಂದವನೇ ಸಲಿಕೆ ತೆಗೆದುಕೊಂಡು ಅಂಗಳದ ಹಿಮವನ್ನು ಗಾಡಿಯ ಹಿಂಭಾಗಕ್ಕೆ ತುಂಬಿದ್ದನ್ನು ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ನಮ್ಮನೇಲಿ ಹಿಮಕ್ಕೆ ಬರವೇನ್ರೀ?"

"ಭಾರಕ್ಕೆ ಅತ್ತೆ. ಟೈರೂ ಹೊಸದು. ಹೊರೆಯದು."

ಕಿನೊ ಬಗ್ಗಿ ಟೈರ್ ನೋಡಿದಳು. ಉಗುರನ್ನೂ ಒತ್ತಿದಳು. ಹತ್ತಿ ಕೂತವಳು, "ನನ್ನ ದಿಂಬೆಲ್ಲಿ?" ಎಂದಳು.

"ಫುಸಾಯೆ ಒಗೆಯೋಕೆ ಹಾಕಿರ್ಬೇಕು."

"ರೇಷ್ಮೆನ ಒಗೀತಾರಾ ಯಾರಾದ್ರೂ," ಎಂದು ಗೊಣಗಿ ಗಂಟನ್ನೇ ಕೆಳಗಿಟ್ಟುಕೊಂಡಳು.

ಬೆಳಕು ಇಳಿಯುತ್ತಿತ್ತು. ಏರು ಶುರುವಾಯಿತು. ಒಂದು ತಿರುವು ಕಳೆಯಿತು, ಗಾಡಿ ಜಾರಲಿಲ್ಲ. ಟೈರುಗಳು ಹಿಮವನ್ನು ಕಚ್ಚುವ ಸದ್ದು, ಹಸು ಒಣಹುಲ್ಲು ಮೆಲ್ಲುವ ಹಾಗೆ, ಕರಕರ ಎಂದು ಹಿತವಾಗಿ ಕೇಳುತ್ತಿತ್ತು. ದಾರಿ ಬದಿಯಲ್ಲಿ ಹಿಮ ಬಾಚುತ್ತಿದ್ದ ಇಬ್ಬರು ಸಲಿಕೆ ನಿಲ್ಲಿಸಿ ಗಾಡಿಯನ್ನು ಮೆಚ್ಚಿ ನೋಡಿ, ಒಬ್ಬರಿಗೊಬ್ಬರು ಏನೋ ಹೇಳಿಕೊಂಡು ತಲೆದೂಗಿದರು. ಯಸುಜಿಯ ಕಣ್ಣು ತೇವವಾಯಿತು. ಎರಡನೇ ತಿರುವು ಕಳೆಯಿತು. ಕಿನೊ ಬಾಗಿಲ ಹಿಡಿಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಇವತ್ತು," ಎಂದಳು ಕಿನೊ ಗಾಜಿನ ಕಡೆ ನೋಡುತ್ತ, "ಪರವಾಗಿಲ್ಲ."

ಇಪ್ಪತ್ತಾರು ವರ್ಷಕ್ಕೆ ಒಂದು ಮಾತು. ಯಸುಜಿಗೆ ಗಾಡಿಯನ್ನು ಅಲ್ಲೇ ನಿಲ್ಲಿಸಿ ಇಳಿದು ನಮಸ್ಕಾರ ಮಾಡಬೇಕೆನಿಸಿತು. ನಿಲ್ಲಿಸಬೇಕಾಗಿಯೂ ಬಂತು. ಮೂರನೇ ತಿರುವಿನಲ್ಲಿ ಒಂದು ಬಿಳಿ ಪಿಕಪ್ಪು ಮೂತಿಯನ್ನು ಕಾಲುವೆಗೆ ಚುಚ್ಚಿ, ಹಿಂಭಾಗ ಎತ್ತಿ, ನೀರು ಕುಡಿಯುವ ಬಾತುಕೋಳಿಯ ಹಾಗೆ ನಿಂತಿತ್ತು. ಪಕ್ಕದ ಹಿಮದ ದಿಬ್ಬದ ಮೇಲೆ ಗೆಂಜೊ ಸಿಗರೇಟು ಸೇದುತ್ತ ಕೂತಿದ್ದ.

ಬೇರೊಬ್ಬರು ಕಾಲುವೆಯಲ್ಲಿರುವುದನ್ನು ರಸ್ತೆಯ ಮೇಲಿನಿಂದ ನೋಡುವ ಭಾಗ್ಯ ಯಸುಜಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಅವನು ನಿಧಾನವಾಗಿ ಇಳಿದ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಮೇಲಕ್ಕೆದ್ದ ಹಿಂದಿನ ಗಾಲಿಗಳನ್ನು ನೋಡಿ, "ಛೆ ಛೆ, ಬೇಸಿಗೆ ಟೈರು," ಎಂದ. "ಗಾಡಿನ ಓಡಿಸೋದು ಯಾರಾದ್ರೂ ಓಡಿಸ್ತಾರೆ ಗೆಂಜೊ ಅಣ್ಣ. ನಿಲ್ಲಿಸೋದು ಟೈರು."

"ನಾನೂ ಅದನ್ನೇ ನೋಡ್ತಾ ಕೂತಿದೀನಿ ಅಳಿಯಪ್ಪ," ಎಂದ ಗೆಂಜೊ ಹೊಗೆ ಬಿಟ್ಟು, ಒಂದಿಷ್ಟೂ ವಿಚಲಿತನಾಗದೆ. "ಬೆಳಿಗ್ಗೆ ಅಷ್ಟು ಬಿಡಿಸಿ ಬಿಡಿಸಿ ಹೇಳಿದ್ನಲ್ಲಪ್ಪ, ಆದ್ರೂ ಇಂಥ ಟೈರ್ ಇಟ್ಕೊಂಡಿದೀಯಲ್ಲ."

"ಇಟ್ಕೊಂಡಿದೀಯಾ ಅಂದ್ರೆ?"

ಗಾಡಿಯೊಳಗಿಂದ ಕಿನೊಳ ದನಿ ಬಂತು. "ಗೆಂಜೊ, ಮೇಲೇಳು. ಅದು ನನ್ನ ದಿಂಬು."

ಗೆಂಜೊ ಎದ್ದ. ಅವನ ಕೆಳಗೆ ನೇರಳೆ ರೇಷ್ಮೆಯ ದಿಂಬು ಚಪ್ಪಟೆಯಾಗಿ ಮಲಗಿತ್ತು.

ಯಸುಜಿ ದಿಂಬು ನೋಡಿದ, ಕಾಲುವೆಯ ಗಾಡಿ ನೋಡಿದ. ಆಮೇಲೆ ತಾನು ಓಡಿಸಿಕೊಂಡು ಬಂದ ಗಾಡಿಯ ಹತ್ತಿರ ಹೋಗಿ ನಂಬರಿನ ಮೇಲೆ ಮೆತ್ತಿದ್ದ ಹಿಮವನ್ನು ಕೈಯಿಂದ ಕೆರೆದ. ಗಿರಣಿಮನೆ ನಂಬರು. ಚಾವಡಿಯಲ್ಲಿ ಉಳಿದಿದ್ದ ಗಾಡಿಯನ್ನು ತನ್ನದೇ ಎಂದುಕೊಂಡು ಗೆಂಜೊ ಹತ್ತಿದ್ದ. ಸಿಗರೇಟು ಹುಡುಕಿ ಖಾನೆಗೆ ಕೈ ಹಾಕಿ, ಸಿಗದೆ, ಜೇಬಿನಲ್ಲಿ ತಡಕಿ ತೆಗೆದು, ಮತ್ತೆ ತಲೆಯೆತ್ತುವಷ್ಟರಲ್ಲಿ ತಿರುವು ಮುಗಿದು ಕಾಲುವೆ ಬಂದಿತ್ತು.

"ನನ್ನ ಗಾಡಿಯಾಗಿದ್ರೆ ಬೀಳ್ತಿರಲಿಲ್ಲ," ಎಂದ ಗೆಂಜೊ, ತನ್ನ ಗಾಡಿಯ ಹೊಸ ಟೈರುಗಳ ಸುತ್ತ ಒಂದು ಸುತ್ತು ಬಂದು, ಉಗುರು ಒತ್ತಿ ನೋಡಿ. "ಒಳ್ಳೇ ಮಾಲು. ನಾನು ಹೇಳಿದ್ದನ್ನೇ ತಂದಿದೀಯ."

"ನಿಮ್ಮ ಹಳೇ ಟೈರ್... ಬೋಳಾಗಿತ್ತಲ್ಲ ಅಣ್ಣ!"

"ನನಗೆ ಬರುತ್ತೆ ಓಡಿಸೋಕೆ. ನಿನಗೆ ಬೇಕು ಟೈರು."

ಅಷ್ಟರಲ್ಲಿ ಊರವರು ಹಗ್ಗ ಹಿಡಿದು ಬಂದೇಬಿಟ್ಟರು. ಕ್ಯೂಸಾಕು ಕಾಲುವೆಗೆ ಬಗ್ಗಿ ನಂಬರು ನೋಡಿ ಗಂಭೀರವಾಗಿ, "ಬಾವಿಮನೆ ಗಾಡಿ ಬಿತ್ತು," ಎಂದು ಸಾರಿದ. ಎಲ್ಲರೂ ನೆಲ ನೋಡಿದರು. "ಗಿರಣಿಮನೆ ಗಾಡಿ ಏರು ಹತ್ತಿದ್ದು ನೋಡಿದ್ರಾ? ಸೂರಿನ ಮೇಲೆ ನಡೆದ ಬೆಕ್ಕಿನ ಹಾಗೆ ಸರಸರ! ಹಿಂದೆ ಹಿಮ ಬೇರೆ ತುಂಬಿತ್ತು. ಅನುಭವ ಅಂದ್ರೆ ಅದು," ಎಂದ ಸಲಿಕೆ ಹಿಡಿದವರಲ್ಲೊಬ್ಬ. ಗೆಂಜೊ ಅಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಹೊಗೆಯನ್ನು ಮಾತ್ರ ಮೂಗಿನಿಂದ ಬಿಟ್ಟ.

"ಆದ್ರೆ ಓಡಿಸ್ತಿದ್ದದ್ದು..." ಎಂದು ಯಸುಜಿ ಬಾಯಿ ತೆರೆದ.

"ಅಳಿಯಂದ್ರೇ!" ಎಂದಳು ಕಿನೊ. "ಆ ಮಾತು ಈ ಊರಲ್ಲಿ ಎತ್ತೋದಿಲ್ಲ. ನೀವು ಎರಡು ಸಲ ಬಿದ್ದಾಗ ಯಾರಾದ್ರೂ ಎತ್ತಿದ್ರಾ?"

ಯಸುಜಿಯೂ ಎಳೆಯುವವರ ಸಾಲಿಗೆ ಸೇರಿದ. ಹಗ್ಗ ಕಟ್ಟಿದರು, ಎಳೆದರು. ಗಾಡಿ ಕೆಸರು ಮೆತ್ತಿದ ಮೂತಿಯೊಂದಿಗೆ ರಸ್ತೆಗೆ ಬಂತು. ಅವತ್ತು ರಾತ್ರಿ ಬಾವಿಮನೆಯ ನಡುಮನೆಯಲ್ಲಿ ಶೀಸೆ ತೆರೆದಾಗ ಮೊದಲ ಬಟ್ಟಲು ಹಿರಿಯ ಗೆಂಜೊಗೆ ಹೋಯಿತು. ಅವನು ಅದನ್ನು ಹಿಡಿದುಕೊಂಡು, ಹಿಮದ ಟೈರ್ ಆರಿಸುವುದು ಹೇಗೆ ಎಂಬ ವಿಷಯ ಇನ್ನೊಮ್ಮೆ ಮೊದಲಿನಿಂದ ಬಿಡಿಸಿ ಹೇಳಿದ. ಬೀಗದಕೈ ಆಗಲೇ ಕಿನೊಳ ಸೊಂಟದಲ್ಲಿತ್ತು. ನಮ್ಮ ಗಾಡಿ ಬಿದ್ದರೆ ಎಂದಿದ್ದಳು. ಬಿದ್ದಿತ್ತು. ಅವಳ ಮಾತಿನಲ್ಲಿ ಅಳಿಯನ ಹೆಸರಿರಲೇ ಇಲ್ಲ.

ಗೆಂಜೊ ಕೆಟ್ಟವನೇನಲ್ಲ. ಗುರುವಾರ ತಾನೇ ಬಂದು ಹೊಸ ಟೈರುಗಳನ್ನು ಬಾವಿಮನೆ ಗಾಡಿಗೆ ಹಾಕಿಕೊಟ್ಟು, ಯಸುಜಿಯ ಬೇಸಿಗೆ ಟೈರುಗಳನ್ನು ತನ್ನ ಗಾಡಿಗೆ ಹಾಕಿಕೊಂಡ. "ನನ್ನ ಹಳೇದಕ್ಕಿಂತ ಚೆನ್ನಾಗಿವೆ," ಎಂದು ಸಂತೋಷಪಟ್ಟ. ಕಿನೊ ಕೊಡೆ ಹಿಡಿದು ಪಕ್ಕದಲ್ಲೇ ನಿಂತು ಒಂದೊಂದು ಗಾಲಿಗೂ ಉಗುರು ಒತ್ತಿ ನೋಡಿದಳು. ಆಮೇಲೆ ಒಳಗೆ ಹೋಗಿ ದೇವರ ಗೂಡಿನ ಕೆಳಗಿನ ಖಾನೆ ಎಳೆದ ಸದ್ದು ಕೇಳಿಸಿತು.

ಶನಿವಾರ ಬೆಳಿಗ್ಗೆ ಕಿನೊ ಹೊರಟಳು. ನೇರಳೆ ದಿಂಬನ್ನು ಈಗ ಓಡಿಸುವವರ ಸೀಟಿಗೆ ಹಾಕಿಕೊಂಡು, ಪಕ್ಕದಲ್ಲಿ ಗೆಂಜೊನ ಹೆಂಡತಿ ಹಾತ್ಸುವನ್ನು ಕೂರಿಸಿಕೊಂಡು, ಬಿಸಿನೀರ ಬುಗ್ಗೆಗೆ. ಗಾಡಿಯ ಹಿಂದೆ ಹಿಮ ತುಂಬಿಕೊಟ್ಟವನು ಯಸುಜಿ. ಗಾಡಿ ಮರೆಯಾದ ಮೇಲೂ ಅವನು ಸಲಿಕೆಗೆ ಗಲ್ಲ ಊರಿ, ಆರಿಹೋದ ಕಾಫಿ ಡಬ್ಬಿ ಜೇಬಿನಲ್ಲಿಟ್ಟುಕೊಂಡು, ಬಹಳ ಹೊತ್ತು ಕಿವಿಗೊಟ್ಟು ನಿಂತ. ಮೊದಲ ತಿರುವು, ಎರಡನೇ ತಿರುವು, ಮೂರನೇ ತಿರುವು. ಕಾಲುವೆಯಿಂದ ಒಂದು ಸದ್ದೂ ಬರಲಿಲ್ಲ. ಟೈರುಗಳನ್ನು ಅವನು ಅಷ್ಟು ಚೆನ್ನಾಗಿ ಆರಿಸಿ ತಂದಿದ್ದ.